ಚೋಕಿನ ಗುಬ್ಬಿ ಇದ್ದರೆ ಹಳತು

ನನ್ನ ಪೆನ್ನಿನ ಡಬ್ಬಿಯ ಒಂದು ಮೂಲೆಯಲ್ಲಿ, ಒಂದು ರೂಪಾಯಿ ನಾಣ್ಯಕ್ಕಿಂತ ತುಸು ಚಿಕ್ಕದಾಗಿ, ತುಕ್ಕು ಹಿಡಿಯದ ವೃತ್ತವೊಂದಿದೆ. ಡಬ್ಬಿ ತಗಡಿನದು. ಒಳಗೆ ಉಳಿದೆಲ್ಲ ಕಡೆ ಕಂದು ಬಣ್ಣ ಏರಿದೆ. ಆ ವೃತ್ತದೊಳಗೆ ಮಾತ್ರ ತಗಡು ಅಂಗಡಿಯಿಂದ ತಂದ ದಿನದ ಹಾಗೆಯೇ ಹೊಳೆಯುತ್ತದೆ. ಮೊನ್ನೆ ಪರೀಕ್ಷಾ ಕೊಠಡಿಯಲ್ಲಿ ಮೇಲ್ವಿಚಾರಣೆಗೆ ಕುಳಿತಾಗ, ಮೂರು ಗಂಟೆ ಹೊತ್ತು ನೋಡಲು ಬೇರೇನೂ ಇಲ್ಲದೆ, ಅದನ್ನೇ ನೋಡಿದೆ.

ಅಲ್ಲಿ ಇಪ್ಪತ್ತೊಂದು ವರ್ಷ ಒಂದು ವಸ್ತು ಕುಳಿತಿತ್ತು. ಅಲುಗಾಡಿ ಸದ್ದು ಮಾಡಬಾರದೆಂದು ಗೋಂದು ಹಾಕಿ ಅಂಟಿಸಿದ್ದೆ. ಕಾಣಬಾರದೆಂದು ಅದರ ಮೇಲೆ ವೇಳಾಪಟ್ಟಿಯ ಚೀಟಿ ಮಡಚಿ ಇಡುತ್ತಿದ್ದೆ. ಶಾಲೆ ಮುಗಿಯಿತು, ಕಾಲೇಜು ಮುಗಿಯಿತು, ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಯಿತು, ಮೂಡುಬಿದಿರೆಯಲ್ಲಿ ಪಾಠ ಹೇಳುವ ಕೆಲಸ ಸಿಕ್ಕಿತು. ಚೀಟಿಗಳು ಬದಲಾದವು. ವಸ್ತು ಬದಲಾಗಲಿಲ್ಲ. ಅದು ಕಾರಿನ ಚೋಕಿನ ಗುಬ್ಬಿ. ನಮ್ಮ ಕಡೆ ಗುಂಡಿಗೆ ಗುಬ್ಬಿ ಎನ್ನುತ್ತಾರೆ; ಇದು ಅಂಗಿಗೆ ಇರುವಂಥದ್ದಲ್ಲ, ಬೆರಳಿನಿಂದ ಹಿಡಿದು ಎಳೆಯುವ ಕಪ್ಪು ಪ್ಲಾಸ್ಟಿಕ್ಕಿನ ಹಿಡಿಕೆ.

ಚೋಕ್ ಎಂದರೆ ಏನೆಂದು ನನ್ನ ವಿದ್ಯಾರ್ಥಿಗಳಿಗೆ ಗೊತ್ತಿಲ್ಲ. ಗೊತ್ತಿರಬೇಕಾಗಿಯೂ ಇಲ್ಲ. ಹಳೆಯ ಕಾರುಗಳು ಬೆಳಗ್ಗೆ ಕೂಡಲೇ ಎಚ್ಚರಗೊಳ್ಳುತ್ತಿರಲಿಲ್ಲ. ಈ ಗುಬ್ಬಿಯನ್ನು ಎಳೆದರೆ ಎಂಜಿನಿಗೆ ಪೆಟ್ರೋಲು ಸ್ವಲ್ಪ ಹೆಚ್ಚು, ಗಾಳಿ ಸ್ವಲ್ಪ ಕಡಿಮೆ ಹೋಗುತ್ತದೆ, ಅದು ಗೊಣಗುತ್ತ ಏಳುತ್ತದೆ. ಮೈ ಬಿಸಿಯಾದ ಮೇಲೆ ಗುಬ್ಬಿಯನ್ನು ಒಳಗೆ ತಳ್ಳಬೇಕು. ನನ್ನ ಅಜ್ಜಿಗೂ ಮೊದಲ ಚಹಾ ಒಳಗೆ ಹೋಗುವವರೆಗೆ ಯಾರೂ ಏನೂ ಕೇಳುವಂತಿರಲಿಲ್ಲ. ಹೊಸ ಕಾರುಗಳಿಗೆ ಈ ಉಪಚಾರ ಬೇಕಿಲ್ಲ. ಅವುಗಳೊಳಗೆ ಎಲ್ಲವನ್ನೂ ಅಳೆದು ಕೊಡುವ ಸಣ್ಣ ಕಂಪ್ಯೂಟರ್ ಇರುತ್ತದೆ. ಹಾಗಾಗಿ ಗುಬ್ಬಿಯೂ ಇಲ್ಲ.

ನನ್ನ ಬಳಿ ಇದ್ದ ಗುಬ್ಬಿ ಕದ್ದದ್ದು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಆಗ ನನಗೆ ಏಳು ವರ್ಷ. ನಮ್ಮ ಮನೆ ಬಂಟ್ವಾಳ ಪೇಟೆಯಲ್ಲಿ. ರಜೆಗೆ ಬೆಳ್ತಂಗಡಿ ಹತ್ತಿರದ ಲಾಯಿಲಕ್ಕೆ, ಉಮ್ಮನ ಅಣ್ಣ ಹಮೀದ್ ಮಾಮನ ಮನೆಗೆ ಹೋಗುತ್ತಿದ್ದೆ. ಮಾಮ ಸೌದಿಯ ದಮ್ಮಾಮಿನಲ್ಲಿ ಕಂಪನಿಯ ವ್ಯಾನು ಓಡಿಸುತ್ತಿದ್ದರು. ಆ ವರ್ಷ ಎರಡು ತಿಂಗಳ ರಜೆಯಲ್ಲಿ ಬಂದವರು ಬಿಳಿಯ, ಎಂಟುನೂರು ಸಿ.ಸಿ.ಯ ಸಣ್ಣ ಕಾರೊಂದನ್ನು ತೆಗೆದುಕೊಂಡರು. ಅದು ಆಗಲೇ ಇನ್ನೊಬ್ಬರ ಕೈಯಲ್ಲಿ ದುಡಿದದ್ದು. ಮಾಮ ವಾಪಸು ಹೋಗುವ ಮೊದಲು ಝುಬೈದಾ ಮಾಮಿ ಕಾರು ಕಲಿಯಬೇಕೆಂದು ತೀರ್ಮಾನವಾಯಿತು. ತೀರ್ಮಾನ ಮಾಮಿಯದು. ದಿನಾ ಸಂಜೆ ಮನೆಯ ಹಿಂದಿನ ಮೈದಾನದಲ್ಲಿ ಪಾಠ. ನಾನು ಹಿಂದಿನ ಸೀಟಿನಲ್ಲಿ.

ಮಾಮಿ ಐದು ದಿನದಲ್ಲಿ ಮೂರನೆಯ ಗೇರಿಗೆ ಬಂದಿದ್ದರು. ಅದು ಒಳ್ಳೆಯ ಪ್ರಗತಿ. ನನಗೆ ಲೈಸೆನ್ಸ್ ಸಿಗುವ ಹೊತ್ತಿಗೆ ನಾನು ಎರಡರಲ್ಲೇ ಇದ್ದೆ.

ಆರನೆಯ ದಿನ ಇಬ್ಬರೂ ಇಳಿದು, ಮೈದಾನದ ಬದಿಯ ಅಂಗಡಿಯಲ್ಲಿ ಶರಬತ್ತು ಕುಡಿಯುತ್ತ ನಿಂತಿದ್ದರು. ನಾನು ಮುಂದಿನ ಸೀಟಿಗೆ ದಾಟಿದೆ. ಗುಬ್ಬಿಯ ಮುಖದ ಮೇಲೆ ಬಿಳಿ ಬಣ್ಣದಲ್ಲಿ ಎರಡು ನೆಟ್ಟ ಗೆರೆ, ನಡುವೆ ಓರೆಯಾಗಿ ಇನ್ನೊಂದು. ಆ ವರ್ಷವೇ ಇಂಗ್ಲಿಷ್ ಅಕ್ಷರ ಕಲಿತಿದ್ದೆ. ಅದು ಚೋಕಿನ ಗುರುತೆಂದು ಗೊತ್ತಿರಲಿಲ್ಲ, ನನಗೆ ಅದು ಎನ್. ನನ್ನ ಹೆಸರು ನಸೀಮ. ಇಡೀ ಕಾರಿನಲ್ಲಿ ಬೇರೆ ಯಾರ ಅಕ್ಷರವೂ ಇರಲಿಲ್ಲ. ನನ್ನ ಮಟ್ಟಿಗೆ ಅದು ಕಳ್ಳತನವಲ್ಲ, ಸಿಕ್ಕಿದ್ದನ್ನು ಮಾಲಕರಿಗೆ ಮುಟ್ಟಿಸುವ ಕೆಲಸ. ಎಳೆದೆ. ಬಂತು.

ಮಾಮ ಬಂದು ನೋಡಿದರು. ಗುಬ್ಬಿ ಇದ್ದಲ್ಲಿ ತಂತಿಯ ಮೋಟು ತುದಿ ಮಾತ್ರ ಇತ್ತು.

"ಇದನ್ನು ಎಳ್ದದ್ದು ನೀನಾ?" ಎಂದು ಮಾಮಿಯನ್ನು ಕೇಳಿದರು.

"ನಾನು ಸ್ಟೇರಿಂಗ್ ಬಿಟ್ಟು ಬೇರೆ ಮುಟ್ಲೇ ಇಲ್ಲ."

"ಮತ್ತೆ? ಜಿನ್ನ್ ಬಂದು ತೆಗೆದುಕೊಂಡು ಹೋಯ್ತಾ?"

"ಜಿನ್ನ್ ತೆಗೆಯುದಾದ್ರೆ ನಿಮ್ಮ ಈ ಡಬ್ಬ ಕಾರಿಂದು ತೆಗೀತದಾ? ಅದಕ್ಕೂ ಮರ್ಯಾದಿ ಉಂಟು."

ಮಾತು ಬೆಳೆಯಿತು. ಹಿಂದಿನ ಸೀಟಿನಲ್ಲಿ ನಾನು ಕಿಟಕಿಯ ಹೊರಗೆ ನೋಡುತ್ತಿದ್ದೆ. ಆ ಸಂಜೆ ಪಾಠ ನಿಂತಿತು. ಮಾಮ ವಾಪಸು ದಮ್ಮಾಮಿಗೆ ಹೋದರು. ಮುಂದಿನ ರಜೆಗಳಲ್ಲಿ ಮಾಮಿ ಮತ್ತೆ ಕೇಳಿದಾಗಲೆಲ್ಲ ಉತ್ತರ ಒಂದೇ: "ಆರು ದಿನದಲ್ಲಿ ಗುಬ್ಬಿ ತೆಗ್ದವಳು ನೀನು. ಆರು ತಿಂಗಳು ಕೊಟ್ರೆ ಎಂಜಿನ್ ತೆಗೀತಿ." ಮಿಕ್ಸಿ ಕೆಟ್ಟರೂ, ಗೇಟಿನ ಚಿಲಕ ಸಡಿಲವಾದರೂ ಮಾತು ಗುಬ್ಬಿಗೆ ಬಂದು ನಿಲ್ಲುತ್ತಿತ್ತು. ಗುಬ್ಬಿಯ ಜಾಗದಲ್ಲಿ ಮಾಮ ಬಟ್ಟೆ ಒಣಗಿಸುವಾಗ ಹಾಕುವ ನೀಲಿ ಕ್ಲಿಪ್ಪೊಂದನ್ನು ತಂತಿಯ ತುದಿಗೆ ಕಚ್ಚಿಸಿದರು. ಅದನ್ನು ಎಳೆದರೆ ಚೋಕ್ ಚೆನ್ನಾಗಿಯೇ ಕೆಲಸ ಮಾಡುತ್ತಿತ್ತು.

ಮಾಮಿ ಈಗಲೂ ಬೆಳ್ತಂಗಡಿ ಪೇಟೆಗೆ ರಿಕ್ಷಾದಲ್ಲಿ ಹೋಗುತ್ತಾರೆ. ರಿಕ್ಷಾದವರಿಗೆ ಎಲ್ಲಿ ಗೇರು ಬದಲಾಯಿಸಬೇಕೆಂದು ಹಿಂದಿನಿಂದ ಹೇಳುತ್ತಾರಂತೆ.

ಹೇಳಬಹುದಿತ್ತಲ್ಲ ಎಂದು ನೀವು ಕೇಳಬಹುದು. ಏಳು ವರ್ಷಕ್ಕೆ ಪೆಟ್ಟಿನ ಹೆದರಿಕೆ. ಹದಿನಾಲ್ಕಕ್ಕೆ ನಾಚಿಕೆ. ಇಪ್ಪತ್ತೊಂದಕ್ಕೆ, ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂಬ ಪ್ರಶ್ನೆಗೆ ಉತ್ತರ ಇರಲಿಲ್ಲ. ಆಮೇಲೆ ನಾನು ತುಂಬ ಮಿತಭಾಷಿ ಎಂದು ಎಲ್ಲರೂ ಒಪ್ಪಿಕೊಂಡಿದ್ದರು. ಆ ಹೆಸರನ್ನು ಕೆಡಿಸಲು ಮನಸ್ಸಾಗಲಿಲ್ಲ.

ಇನ್ನು ಓಟದ ವಿಷಯ. ಮೂಡುಬಿದಿರೆಯ ಹೊರಗೆ ಒಂದು ಪದವಿನ, ಅಂದರೆ ಮಟ್ಟಸವಾದ ಗುಡ್ಡದ ಮೇಲೆ ಮನೆ ನಿವೇಶನಗಳ ಲೇಔಟೊಂದಿದೆ. ನಿವೇಶನಗಳು ಮಾರಾಟವಾಗಿಲ್ಲ, ಆದರೆ ನಡುವೆ ಇನ್ನೂರು ಮೀಟರಿನ ಕಾಂಕ್ರೀಟು ರಸ್ತೆ ನೇರವಾಗಿ ಆಗಿದೆ. ಅದರ ಮೇಲೆ ವರ್ಷಕ್ಕೊಂದು ಭಾನುವಾರ ಕಾರುಗಳ ನೇರ ಓಟ. ಎರಡು ಕಾರು ಅಕ್ಕಪಕ್ಕ ನಿಲ್ಲಬೇಕು, ಬಾವುಟ ಬಿದ್ದ ಕೂಡಲೇ ಹೊರಡಬೇಕು, ಯಾರು ಮೊದಲು ಮುಟ್ಟುತ್ತಾರೋ ಅವರು ಗೆದ್ದರು. ನಿಜವಾದ ಓಟಕ್ಕೆ ನಾನೂರು ಮೀಟರು ಬೇಕಂತೆ. ನಮ್ಮಲ್ಲಿ ಇನ್ನೂರರ ಆಚೆಗೆ ನೀರಿನ ಟ್ಯಾಂಕಿಗೆ ಅಗೆದ ಹೊಂಡ ಇದೆ.

ಅದರ ಮುಂದಾಳು ಶೀನಣ್ಣ. ಅವರಿಗೆ ಕಾರಿಗಿಂತ ಕಂಬಳದ ಅನುಭವ ಹೆಚ್ಚು. ನಮ್ಮ ಕಾಲೇಜಿಗೆ ಬಂದು, "ಸೆಕೆಂಡು ಲೆಕ್ಕ ಹಿಡೀಲಿಕ್ಕೆ ಮೋಸ ಮಾಡದ ಒಬ್ಬರು ಬೇಕು," ಎಂದರಂತೆ. ಪ್ರಾಂಶುಪಾಲರು ನನ್ನನ್ನು ತೋರಿಸಿದರು.

ಹೋದ ವರ್ಷ ಎಲ್ಲ ಕಾರುಗಳನ್ನೂ ಒಟ್ಟಿಗೆ ಓಡಿಸಿದ್ದರು. ಹೊಸ ಕಾರುಗಳೇ ಗೆದ್ದವು. ಹಳೆಯ ಕಾರಿನವರು ಇನ್ನು ಬರುವುದಿಲ್ಲ ಎಂದು ಸಿಟ್ಟು ಮಾಡಿಕೊಂಡರು. ಆದ್ದರಿಂದ ಈ ಸಲ ಎರಡು ವಿಭಾಗ: ಹಳತು ಮತ್ತು ಹೊಸತು. ಎರಡನ್ನೂ ಒಟ್ಟಿಗೆ ಓಡಿಸುವುದು ಅನ್ಯಾಯ ಎಂಬುದರಲ್ಲಿ ಯಾರಿಗೂ ಸಂಶಯ ಇರಲಿಲ್ಲ. ಹಳತು ಯಾವುದು ಎಂಬುದೊಂದೇ ಸಂಶಯ. ಹೋಟೆಲಿನಲ್ಲಿ ನಾಲ್ಕು ಪ್ಲೇಟು ಗೋಳಿಬಜೆ ಮುಗಿಯುವವರೆಗೆ ಚರ್ಚೆಯಾಯಿತು. ಚರ್ಚೆ ತುಳುವಿನಲ್ಲಿ, ನಡಾವಳಿ ಕನ್ನಡದಲ್ಲಿ ಬರೆದದ್ದು ನಾನು.

"ಆರ್.ಸಿ.ಯಲ್ಲಿ ತಾರೀಕು ಉಂಟಲ್ಲ, ನೋಡಿದ್ರೆ ಆಯ್ತು," ಎಂದರು ಒಬ್ಬರು.

"ಆರ್.ಸಿ. ಅಜ್ಜಂದು, ಎಂಜಿನ್ ಪುಳ್ಳಿದು, ಮೊಮ್ಮಗಂದು," ಎಂದರು ಶೀನಣ್ಣ. "ಕಾಗದ ನಂಬ್ಲಿಕ್ಕೆ ಆಗುದಿಲ್ಲ. ಕೋಣಕ್ಕೆ ನಾವು ಜನನ ಪತ್ರ ಕೇಳ್ತೇವಾ? ಬಾಯಿ ತೆರೆದು ಹಲ್ಲು ನೋಡ್ತೇವೆ. ಹಲ್ಲು ನೋಡಿ ಕಿರಿಯ, ಹಿರಿಯ ಅಂತ ವಿಭಾಗ ಮಾಡ್ತೇವೆ. ಯಾರೂ ಮಾತಾಡುವ ಹಾಗಿಲ್ಲ. ಕಾರಿಗೆ ಹಲ್ಲು ಯಾವುದು, ಅದನ್ನು ಹೇಳಿ ಮಾರಾಯ್ರೇ."

ಆ ಹೊತ್ತಿಗೆ ನನಗೆ ನನ್ನ ಶಾಲೆಯ ಆಟೋಟದ ದಿನ ನೆನಪಾಯಿತು. ನಮ್ಮ ಶಾಲೆಯಲ್ಲಿ ಓಟಕ್ಕೆ ಮಕ್ಕಳನ್ನು ವಿಂಗಡಿಸುತ್ತಿದ್ದದ್ದು ಎತ್ತರದಿಂದ. ಗೋಡೆಯ ಮೇಲೆ ಇದ್ದಿಲಿನ ಗೆರೆ. ತಲೆ ಅದಕ್ಕಿಂತ ಕೆಳಗಿದ್ದರೆ ಕಿರಿಯರು. ಏಳನೆಯ ತರಗತಿಯಲ್ಲಿ ನಾನು ನಾಲ್ಕನೆಯವರ ಜೊತೆ ಓಡಿ ಎರಡನೆಯವಳಾಗಿ ಬಂದೆ. ನಿಯಮದ ತಪ್ಪಿಲ್ಲ, ಗೆರೆ ಗೆರೆಯೇ. ಅಂದಿನಿಂದ ನನಗೆ ಸ್ಪಷ್ಟವಾದ ಗೆರೆಗಳ ಬಗ್ಗೆ ಗೌರವ. ಈಗ ಅಂಕಿಗಳನ್ನು ವರ್ಗ ಮಾಡಿ ಕೂಡಿಸುವುದೇ ನನ್ನ ಹೊಟ್ಟೆಪಾಡು.

"ಚೋಕ್," ಎಂದೆ. ಸಭೆಯಲ್ಲಿ ನನ್ನ ಮೊದಲ ಮಾತು. "ಹಳೆಯ ಎಂಜಿನಿಗೆ ಚೋಕ್ ಉಂಟು, ಹೊಸತಕ್ಕೆ ಇಲ್ಲ. ಡ್ಯಾಶ್‌ಬೋರ್ಡಿನಲ್ಲಿ ಗುಬ್ಬಿ ಇದ್ದರೆ ಹಳತು, ಇಲ್ಲದಿದ್ದರೆ ಹೊಸತು."

ಶೀನಣ್ಣ ಗೋಳಿಬಜೆಯನ್ನು ಬಾಯಿಯ ಹತ್ತಿರವೇ ನಿಲ್ಲಿಸಿದರು. "ಇದು ಹಲ್ಲಿನ ಹಾಗೇ ಆಯ್ತಲ್ಲ!" ಎಂದರು.

ನಿಯಮವನ್ನು ಒಂದೇ ವಾಕ್ಯದಲ್ಲಿ ಬರೆದೆ. ಅಲ್ಪವಿರಾಮವೂ ಬೇಕಾಗಲಿಲ್ಲ. ಮನೆಗೆ ಹೋಗುವ ಬಸ್ಸಿನಲ್ಲಿ ಎರಡು ಸಲ ಓದಿಕೊಂಡೆ. ಇಡೀ ಜಿಲ್ಲೆಯಲ್ಲಿ ಚೋಕ್ ಇದ್ದೂ ಗುಬ್ಬಿ ಇಲ್ಲದ ಕಾರು ಬಹುಶಃ ಒಂದೇ, ಅದರ ಗುಬ್ಬಿ ನನ್ನ ಮಡಿಲಿನ ಚೀಲದಲ್ಲಿದೆ ಎಂದು ನನಗೆ ಹೊಳೆಯಲಿಲ್ಲ. ಹೊಳೆದದ್ದು ವಾರದ ನಂತರ, ಮಾಮ ಫೋನ್ ಮಾಡಿದಾಗ.

"ನಾನೂ ಹೆಸರು ಕೊಟ್ಟೆ," ಎಂದರು. "ಹಳತಿನಲ್ಲಿ."

ಮಾಮ ಊರಿಗೆ ಬಂದು ನೆಲೆಸಿ ನಾಲ್ಕು ವರ್ಷವಾಗಿದೆ. ಕಾರಿನ ಆರ್.ಸಿ.ಯನ್ನು ಇನ್ನೊಮ್ಮೆ ನವೀಕರಿಸುವುದು ಕಷ್ಟ ಎಂದು ಆಗಲೇ ತಿಳಿದಿತ್ತು. ಮಳೆಗಾಲದೊಳಗೆ ಅದನ್ನು ಗುಜರಿಗೆ ಕೊಡುವುದೆಂದು ಮನೆಯಲ್ಲಿ ಮಾತಾಗಿತ್ತು. "ಕಂಪನಿ ವ್ಯಾನಿನಲ್ಲಿ ಎಂಬತ್ತು ದಾಟಿದ್ರೆ ಕುಂಯ್ ಅಂತ ಕೂಗ್ತಿತ್ತು. ಇಪ್ಪತ್ತೆರಡು ವರ್ಷ ಆ ಕುಂಯ್ ಕೇಳಿದ್ದೇನೆ," ಎಂದರು. "ಒಂದು ಸಲ ಕಾಲು ಪೂರಾ ಒತ್ಬೇಕು. ಹೊಸ ಕಾರಿನ ಎದುರು ಬೇಡ, ಅದು ನಗೆಪಾಟಲು. ಇದರ ಪ್ರಾಯದ್ದರ ಜೊತೆ. ಗೆಲ್ಲುದು ಬೇಡ, ಎರಡು ಓಟ ಓಡಿದ್ರೆ ಸಾಕು."

ನಿಯಮ ತಿದ್ದಲು ಆಗ ಇನ್ನೂ ಒಂಬತ್ತು ದಿನ ಇತ್ತು. ‘ಚೋಕಿನ ಗುಬ್ಬಿ’ ಎಂಬುದನ್ನು ‘ಚೋಕ್’ ಎಂದು ಮಾಡಿದ್ದರೆ ಸಾಕಿತ್ತು. ಆದರೆ ಸ್ವಂತ ಮಾಮನ ಹೆಸರು ಬಂದ ಮೇಲೆ ತಿದ್ದಿದರೆ ಅದು ನಿಯಮವಲ್ಲ, ಉಪಕಾರ. ಹೀಗೆಂದು ನನಗೆ ನಾನೇ ಹೇಳಿಕೊಂಡೆ. ಈ ವಾದದಲ್ಲಿ ತಪ್ಪಿಲ್ಲ. ಯಾಕೆ ತಿದ್ದುತ್ತೀರಿ ಎಂದು ಯಾರಾದರೂ ಕೇಳಿದರೆ ಗುಬ್ಬಿಯ ಕತೆ ಹೊರಗೆ ಬರುತ್ತದೆ ಎಂಬುದು ವಾದದೊಳಗೆ ಸೇರಿರಲಿಲ್ಲ. ಹೊರಗೆ, ಪಕ್ಕದಲ್ಲಿ, ನಿಂತಿತ್ತು.

ಓಟದ ಭಾನುವಾರ ಬೆಳಗ್ಗೆ ಶಾಮಿಯಾನದ ಕೆಳಗೆ ಮೇಜು ಹಾಕಿ ನನ್ನನ್ನು ಕೂರಿಸಿದರು. ಎದುರಿಗೆ ರಿಜಿಸ್ಟರ್, ಪಕ್ಕದಲ್ಲಿ ನನ್ನ ಪೆನ್ನಿನ ಡಬ್ಬಿ. ಒಂದೊಂದೇ ಕಾರಿನ ಬಳಿ ಹೋಗಿ ಒಳಗೆ ಇಣುಕಿ ನೋಡಿ ಬರೆಯಬೇಕು.

ಮೂರನೆಯ ಕಾರು ರೋಶನ್ ಎಂಬವರದು. ಹೊರಗಿನಿಂದ ಹಳೆಯ ಕಾರು. ಒಳಗಿನ ಸದ್ದು ಹಳೆಯದಲ್ಲ. ಡ್ಯಾಶ್‌ಬೋರ್ಡಿನಲ್ಲಿ ಹೊಚ್ಚ ಹೊಸ ಗುಬ್ಬಿ. ನಾನು ಎಳೆದೆ. ಗುಬ್ಬಿಯ ಹಿಂದೆ ಒಂದು ಗೇಣು ಸೆಣಬಿನ ಹುರಿ ಬಂತು.

"ಇದು ಯಾವುದಕ್ಕೆ ಸೇರಿದೆ?" ಎಂದು ಕೇಳಿದೆ.

"ಡ್ಯಾಶ್‌ಬೋರ್ಡಿಗೆ, ಮೇಡಂ," ಎಂದರು ರೋಶನ್. "ನಿಯಮದಲ್ಲಿ ಎಂಜಿನಿಗೆ ಸೇರಿರ್ಬೇಕು ಅಂತ ಉಂಟಾ?"

ಇರಲಿಲ್ಲ. ನಾನೇ ಬರೆದದ್ದು, ಬಾಯಿಪಾಠ ಇತ್ತು. ‘ಹಳತು’ ಎಂದು ಬರೆದೆ. ಮುಂದಿನ ವರ್ಷ ಬಾನೆಟ್ ಎತ್ತಿ ನೋಡುವುದೆಂದು ಈಗ ತೀರ್ಮಾನವಾಗಿದೆ. ಆ ನಿಯಮವನ್ನೂ ನನ್ನ ಕೈಯಲ್ಲೇ ಬರೆಸುತ್ತಾರಂತೆ.

ಆರನೆಯದು ಮಾಮನ ಕಾರು. ತೊಳೆದು, ಟಯರಿಗೂ ಎಣ್ಣೆ ಹಚ್ಚಿ ತಂದಿದ್ದರು. ಮಾಮಿ ಪುಂಡಿ ಕಡುಬಿನ ಬುತ್ತಿ ಹಿಡಿದುಕೊಂಡು ಬಾಗಿಲ ಬಳಿ ನಿಂತಿದ್ದರು. ಮಾಮ ನೀಲಿ ಕ್ಲಿಪ್ಪನ್ನು ಎಳೆದರು. ಎಂಜಿನಿನ ಸ್ವರ ಏರಿತು. ಒಳಗೆ ತಳ್ಳಿದರು. ಇಳಿಯಿತು.

"ಕೇಳಿತಲ್ಲ? ಒರಿಜಿನಲ್ ಚೋಕ್."

"ಗುಬ್ಬಿ ಇಲ್ಲ, ಮಾಮ."

"ಗುಬ್ಬಿ ಎಲ್ಲಿಂದ ಬರುದು? ಇವಳು ತೆಗ್ದು ಯಾವ ಕಾಲ ಆಯ್ತು. ನೀನೂ ಆವತ್ತು ಕಾರಿನಲ್ಲೇ ಇದ್ದಿ, ನಿನಗೆ ಗೊತ್ತುಂಟಲ್ಲ."

"ಗೊತ್ತುಂಟು," ಎಂದೆ. ಆ ದಿನ ನಾನು ಆಡಿದ ಅತ್ಯಂತ ನಿಖರವಾದ ಮಾತು ಅದು.

ಶೀನಣ್ಣ ಬಂದು ಇಣುಕಿದರು. "ಕ್ಲಿಪ್ಪನ್ನೇ ಕಟ್ಟಿಸಿದ ಹಲ್ಲು ಅಂತ ತಿಳ್ಕೊಳ್ಳುವ, ಮೇಡಂ. ಪಾಪ, ಪ್ರಾಯದವರು." ರೋಶನ್ ಕೂಡ ಅತ್ತಲಿಂದ, "ಅಂಕಲ್‌ದು ಹಳತೇ ಅಲ್ವಾ, ಬಿಡಿ," ಎಂದರು.

ಇಡೀ ಮೈದಾನಕ್ಕೆ ನ್ಯಾಯ ಯಾವುದೆಂದು ಗೊತ್ತಿತ್ತು. ಮೇಜಿನ ಮೇಲೆ ನನ್ನ ಡಬ್ಬಿ ಮುಚ್ಚಿಕೊಂಡಿತ್ತು. ಹತ್ತು ಹೆಜ್ಜೆ. ಮುಚ್ಚಳ ತೆಗೆದು ಚೀಟಿ ಸರಿಸಿದ್ದರೆ, ಮಾಮ ತನ್ನ ಪ್ರಾಯದವರ ಜೊತೆ ಓಡುತ್ತಿದ್ದರು, ಮಾಮಿಯ ತಲೆಯ ಮೇಲಿಂದ ಗುಬ್ಬಿ ಇಳಿಯುತ್ತಿತ್ತು. ನಾನು ರಿಜಿಸ್ಟರಿನಲ್ಲಿ ‘ಹೊಸತು’ ಎಂದು ಬರೆದೆ. ಅಕ್ಷರಗಳು ದುಂಡಗೆ ಬಂದವು.

ಐದು ನಿಮಿಷದಲ್ಲಿ ಮೈಕಿನಲ್ಲಿ ಶೀನಣ್ಣನ ಸ್ವರ ಕೇಳಿಸಿತು. "ಬಂಧುಗಳೇ, ನಮ್ಮ ಮೇಡಂ ಸ್ವಂತ ಮಾವನನ್ನೇ ಬಿಡಲಿಲ್ಲ! ಇಂಥ ಪ್ರಾಮಾಣಿಕತೆ ಕಂಬಳದಲ್ಲಿಯೂ ಕಂಡಿಲ್ಲ!" ಚಪ್ಪಾಳೆ ಬಿತ್ತು. ಎಲ್ಲರಿಗಿಂತ ಜೋರಾಗಿ ತಟ್ಟಿದವರು ಮಾಮ.

ಹೊಸತು ವಿಭಾಗದಲ್ಲಿ ಮಾಮನ ಎದುರಿಗೆ ಬಂದದ್ದು ಒಂದು ಎಲೆಕ್ಟ್ರಿಕ್ ಕಾರು. ಬಾವುಟ ಬಿತ್ತು. ಎಲೆಕ್ಟ್ರಿಕ್ ಕಾರು ಸದ್ದಿಲ್ಲದೆ ಹೊರಟುಹೋಯಿತು. ಮಾಮ ಅಲ್ಲೇ ನಿಂತಿದ್ದರು. ಬಾವುಟ ಬಿದ್ದದ್ದು ಕಂಡಿತ್ತು, ಆದರೆ ಪಕ್ಕದ ಕಾರಿನ ಸದ್ದು ಕೇಳದ ಕಾರಣ ಅದು ಕೆಟ್ಟು ನಿಂತಿದೆ, ಕಾಯುವುದು ಮರ್ಯಾದೆ ಎಂದುಕೊಂಡರಂತೆ. ಜನ ಕೂಗಿದ ಮೇಲೆ ಹೊರಟರು. ನನ್ನ ಗಡಿಯಾರದಲ್ಲಿ ಎದುರಾಳಿಗೆ ಒಂಬತ್ತು ಸೆಕೆಂಡು, ಮಾಮನಿಗೆ ಇಪ್ಪತ್ತೊಂದು. ಜನ ನಕ್ಕರು. ಕೆಟ್ಟ ನಗುವಲ್ಲ, ಆದರೆ ನಗು. ಸೋತವರಿಗೆ ಎರಡನೆಯ ಓಟ ಇಲ್ಲ. ಹಳತು ವಿಭಾಗದಲ್ಲಿ ರೋಶನ್ ಗೆದ್ದರು.

ಹೊರಡುವಾಗ ನಾನು ಕಾರಿನ ಬಳಿ ಹೋದೆ. ಮಾಮ ಸ್ಟೇರಿಂಗಿನ ಮೇಲೆ ಕೈ ಇಟ್ಟು ಕುಳಿತಿದ್ದರು. "ನೀನು ಮಾಡಿದ್ದು ಸರಿ, ಮಗಳೇ," ಎಂದರು. "ನನ್ನ ಸಂಬಂಧ ಅಂತ ಬಿಟ್ಟಿದ್ರೆ ನನಗೇ ನಾಚಿಕೆ." ಆಮೇಲೆ ಪಕ್ಕಕ್ಕೆ ತಿರುಗಿ, "ಆವತ್ತು ನೀನೊಂದು ಆ ಗುಬ್ಬಿ ತೆಗೀದೇ ಇದ್ದಿದ್ರೆ," ಎಂದರು.

ಮಾಮಿ ಈ ಮಾತಿಗೆ ಯಾವತ್ತೂ ಉತ್ತರ ಕೊಡದೆ ಬಿಟ್ಟವರಲ್ಲ. ಜಿನ್ನ್, ಡಬ್ಬ ಕಾರು, ಮಾಮನ ಕನ್ನಡಕ, ಏನಾದರೊಂದು ಇರುತ್ತಿತ್ತು. ಅವತ್ತು ಬುತ್ತಿಯ ಮುಚ್ಚಳವನ್ನು ಒತ್ತಿ, ಇನ್ನೊಮ್ಮೆ ಒತ್ತಿ, ಕಿಟಕಿಯ ಕಡೆ ತಿರುಗಿದರು. ಬಹುಶಃ ಮಾಮಿಯೇ ಅದನ್ನು ನಂಬಲು ತೊಡಗಿದ್ದರು.

ಮರುದಿನ ಬೆಳಗ್ಗೆ ಕಾಲೇಜಿಗೆ ರಜೆ ಹೇಳಿದೆ. ಸ್ಕೇಲಿನ ತುದಿಯಿಂದ ಗುಬ್ಬಿಯನ್ನು ಡಬ್ಬಿಯಿಂದ ಎಬ್ಬಿಸಿದೆ. ಸುಲಭವಾಗಿ ಬರಲಿಲ್ಲ, ಏಳು ವರ್ಷದವಳು ಗೋಂದು ಹಾಕುವುದರಲ್ಲಿ ಕಂಜೂಸಿ ಮಾಡಿರಲಿಲ್ಲ. ಬಂಟ್ವಾಳದಿಂದ ಮೊದಲ ಬಸ್ಸು ಹಿಡಿದು ಲಾಯಿಲಕ್ಕೆ ಹೋದೆ. ಹೇಳಬೇಕಾದ ಮೂರು ವಾಕ್ಯಗಳನ್ನು ದಾರಿಯಲ್ಲಿ ಸಿದ್ಧಮಾಡಿಕೊಂಡಿದ್ದೆ.

ಮಾಮಿ ಅಂಗಳದಲ್ಲಿ ಬಟ್ಟೆ ಒಣಗಿಸುತ್ತಿದ್ದರು. ಬಾಯಲ್ಲಿ ನೀಲಿ ಕ್ಲಿಪ್ಪು. ನಾನು ಅಂಗೈ ಚಾಚಿದೆ.

"ಕಾರಿನ ಗುಬ್ಬಿ. ಆವತ್ತು ತೆಗೆದದ್ದು ನಾನು, ಮಾಮಿ."

ಮಾಮಿ ಬಾಯಿಂದ ಕ್ಲಿಪ್ಪು ತೆಗೆದರು. "ಎಂಥಕ್ಕೆ?"

"ಅದರಲ್ಲಿ ನನ್ನ ಹೆಸರಿನ ಅಕ್ಷರ ಉಂಟು ಅಂತ."

"ನಿನ್ನೆ ಇದು ಎಲ್ಲಿತ್ತು?"

"ಮೇಜಿನ ಮೇಲೆ. ಡಬ್ಬಿಯಲ್ಲಿ."

"ಮೈಕಿನಲ್ಲಿ ನಿನ್ನನ್ನು ಹೊಗಳುವಾಗ?"

"ಆಗಲೂ ಅಲ್ಲೇ."

ಮೂರನೆಯ ವಾಕ್ಯ ಕ್ಷಮೆಯದಾಗಿತ್ತು. ಅದಕ್ಕೆ ಎಡೆ ಸಿಗಲಿಲ್ಲ. ಮಾಮಿ ಗುಬ್ಬಿಯನ್ನು ತೆಗೆದುಕೊಂಡು ಒಳಗೆ ನಡೆದರು. ನಾನು ಹಿಂದೆ ಹೋದೆ. ಮಾಮ ಚಹಾ ಕುಡಿಯುತ್ತ ಪೇಪರು ಓದುತ್ತಿದ್ದರು. ಮಾಮಿ ಗುಬ್ಬಿಯನ್ನು ಪೇಪರಿನ ನಡುವೆ ಇಟ್ಟರು.

ಮಾಮ ಕನ್ನಡಕ ಸರಿಮಾಡಿಕೊಂಡು ನೋಡಿದರು. "ಸಿಕ್ಕಿತಾ? ನಾನು ಆವತ್ತೇ ಹೇಳಿದ್ದೆ, ನೀನೇ ಎಲ್ಲಿಯೋ ಇಟ್ಟಿದ್ದಿ ಅಂತ."

"ಇಟ್ಟದ್ದು ನಿಮ್ಮ ಪ್ರಾಮಾಣಿಕ ಮೇಡಂ," ಎಂದರು ಮಾಮಿ.

ಮಾಮ ನನ್ನನ್ನು ನೋಡಿದರು. ನಾನು ತಲೆಯಾಡಿಸಿದೆ. ಗುಬ್ಬಿಯನ್ನು ಬೆರಳಲ್ಲಿ ತಿರುಗಿಸುತ್ತ, "ಹಾಗಾದ್ರೆ ನಿನ್ನೆ ನಾನು ಹಳತಿನಲ್ಲಿ ಓಡ್ಬಹುದಿತ್ತು," ಎಂದರು.

"ಓಡಬಹುದಿತ್ತು, ಮಾಮ."

"ನಿಮ್ಮದು ಒಂದು ದಿನ ಹೋಯ್ತು," ಎಂದರು ಮಾಮಿ. "ನನ್ನದು ಇಪ್ಪತ್ತೊಂದು ವರ್ಷ."

ಮಾಮ ಪೇಪರನ್ನು ಮಡಚಿದರು. ಇನ್ನೊಮ್ಮೆ ಮಡಚಿದರು. ಎದ್ದು ಹೋಗಿ ಗೋಡೆಯ ಮೊಳೆಯಿಂದ ಕಾರಿನ ಕೀ ತೆಗೆದು, ಮಾಮಿಯ ಮುಂದೆ, ಚಹಾದ ಲೋಟದ ಪಕ್ಕದಲ್ಲಿ ಇಟ್ಟರು.

ಮೈದಾನ ಇನ್ನೂ ಹಾಗೆಯೇ ಇದೆ, ಶರಬತ್ತಿನ ಅಂಗಡಿ ಮಾತ್ರ ಮೊಬೈಲ್ ರಿಪೇರಿಯದಾಗಿದೆ. ಮಾಮ ತಂತಿಯ ತುದಿಗೆ ಗುಬ್ಬಿ ಒತ್ತಿದರು, ಕೂತಿತು. ಮಾಮಿ ಚಾಲಕರ ಸೀಟಿನಲ್ಲಿ ಕುಳಿತು, ಗುಬ್ಬಿಯನ್ನು ಎರಡು ಬೆರಳಿನಲ್ಲಿ ಮೆಲ್ಲನೆ ಎಳೆದರು. ಎಂಜಿನ್ ಗೊಣಗಿ ಎದ್ದಿತು. ನಾನು ಮುಂದಿನ ಬಾಗಿಲಿಗೆ ಕೈ ಹಾಕಿದೆ.

"ನೀನು ಹಿಂದೆ," ಎಂದರು ಮಾಮಿ, ಕನ್ನಡಿಯನ್ನು ನನ್ನ ಕಡೆ ತಿರುಗಿಸುತ್ತ. "ಎರಡೂ ಕೈ ಮಡಿಲಲ್ಲಿ ಇರ್ಲಿ. ನನಗೆ ಕಾಣ್ಬೇಕು."

ಹಿಂದೆ ಕುಳಿತೆ. ಎರಡೂ ಕೈ ಮಡಿಲಲ್ಲಿ ಇಟ್ಟುಕೊಂಡೆ. ಮೂರನೆಯ ಗೇರಿನವರೆಗೂ ತೆಗೆಯಲಿಲ್ಲ.